ಹಿಂದಕ್ಕೆ ಬಂದ ಕಟ್ಟರ್

“ಹಿಂದ ಬಂತು ಅದು, ಮುತ್ತು. ಮುಂದ ಹೋಗೂದು ಬಿಟ್ಟು ಹಿಂದ ಬಂತು. ಎಷ್ಟ ಮಂದಿಗೆ ಹೇಳ್ಲಿ ನಾ?”

ಮುರ್ತುಜಸಾಬ ಚಾಚಾ ಇದನ್ನು ನನಗೊಬ್ಬನಿಗೇ ಹೇಳುತ್ತಿರಲಿಲ್ಲ. ಬಾಗಲಕೋಟೆಯ ಆ ದವಾಖಾನೆಯಲ್ಲಿ ಬಾಟಲಿ ಬದಲಿಸಲು ಬಂದ ನರ್ಸಿಗೆ, ಕಸ ಗುಡಿಸುವ ಹೆಣ್ಣುಮಗಳಿಗೆ, ಪಕ್ಕದ ಮಂಚದವನಿಗೆ, ನಾಲ್ಕು ದಿನದಿಂದ ಅದೇ ಮಾತು ಹೇಳಿ ಹೇಳಿ ಅವರ ದನಿ ಕಟ್ಟಿಹೋಗಿತ್ತು. ಬಲಗೈಗೆ ಮೊಣಕೈತನಕ ಬ್ಯಾಂಡೇಜು. ತೋರುಬೆರಳು, ನಡುಬೆರಳು ಎರಡೂ ಇರಲಿಲ್ಲ.

ಪಕ್ಕದ ಮಂಚದಲ್ಲಿದ್ದ ಗುಳೇದಗುಡ್ಡದ ಕಡೆಯವನಿಗೆ ಎತ್ತು ಹಾಯ್ದು ತೊಡೆ ಹರಿದಿತ್ತು. ಅವನು ಮಲಗಿದಲ್ಲಿಂದಲೇ ಅಂದ: “ಬಿಡ್ರಿ ಸಾಬ್ರ, ನನ್ನ ಎತ್ತೂ ಹಂಗ. ಮುಂದ ಹೊಂಟಿದ್ದು ತಿರುಗಿ ಬಂದು ಹಾಯ್ತು.”

“ಎತ್ತಿಗೆ ಕಣ್ಣರೆ ಅದಾವಪಾ. ಸಿಟ್ಟು ಬರ್ತೈತಿ. ಮಶೀನಿಗೆ ನನ್ನ ಮ್ಯಾಲೆ ಏನ ಸಿಟ್ಟು?”

ಕಾಲ ಹತ್ತಿರ ಕೂತಿದ್ದ ಅವರ ಹೆಂಡತಿ ಮುಮ್ತಾಜ ಚಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ನನಗೆ ತಿಳಿಯಲಿಲ್ಲ.

ನಾನು ತಂದಿದ್ದ ಬಿಸ್ಕೀಟು ಪುಡಿಕೆಯನ್ನು ಕಿಟಕಿಯ ಮೇಲಿಟ್ಟು ಸ್ಟೂಲಿನ ಮೇಲೆ ಕೂತೆ. ಇನ್ನು ನಾನೇ ಮಾತು ಎತ್ತಬೇಕಿತ್ತು. ಅಷ್ಟರಲ್ಲಿ ಅವರೇ ಎತ್ತಿದರು.

“ಅಮಾಸಿ ದಿನ ಸಂಜಿಮುಂದ ಫ್ಯಾಕ್ಟರಿ ಸಾವಕಾರ್ರು ಬಂದಿದ್ರು. ನೀ ಬರದ ಚೀಟಿ ತಂದಿದ್ರು. ‘ನೋಡು ಮುರ್ತುಜಾ, ಕಂಪ್ಯೂಟರ್ ಕೂಡ್ರಿಸಿದಾವನ ಬರದ ಕೊಟ್ಟಾನ, ಮಶೀನದಾಗ ದೋಷ ಇಲ್ಲ’ ಅಂದ್ರು. ಮುತ್ತು ಬರದಾನಂದ್ರ ಖರೆ ಇರಬೇಕು ಅಂತ ತಿಳಕೊಂಡೆ. ಇನ್ನೊಂದ ಕಾಗದ ಮುಂದ ಹಿಡಿದ್ರು. ಸಹಿ ಮಾಡೂ ಕೈ ಹಿಂಗಾಗೇತಿ. ಎಡಗೈ ಹೆಬ್ಬೆಟ್ಟ ಒತ್ತಿದೆ.”

“ಅದರಾಗ ಏನಂತ ಬರದಿತ್ತು ಚಾಚಾ?”

“ನನ್ನ ನಿಷ್ಕಾಳಜಿಯಿಂದ ಆತು ಅಂತ.” ಸ್ವಲ್ಪ ಹೊತ್ತು ಮೇಲೆ ತಿರುಗುವ ಫ್ಯಾನು ನೋಡಿದರು. “ಬೆರಳ ಹೋದ್ವು, ಹೋಗ್ಲಿ. ನಿನ್ನೆ ನಜೀರಸಾಬ ಉಸ್ತಾದ್ರು ಬಂದಿದ್ರು. ಎಪ್ಪತ್ತೈದ ವರ್ಷದ ಮನಷ್ಯಾ, ಇಳಕಲ್ಲಿಂದ ಬಸ್ಸಿನ್ಯಾಗ ನಿಂತಕೊಂಡ ಬಂದಾರ. ಮೋಸಂಬಿ ಕೈಯಾಗ ಕೊಟ್ಟು ಏನಂದ್ರ ಗೊತ್ತೈತಿ? ‘ನಲವತ್ತ ಮಂದಿಗೆ ಚಾಣ ಹಿಡಿಯಾಕ ಕಲಿಸೀನಿ. ತನ್ನ ಕೈ ತಾನ ಕಡಕೊಂಡಾಂವ ನೀ ಒಬ್ಬನ’ ಅಂದ್ರು. ಎದ್ದು ಹೋದ್ರು.”

ಚಾಚಿ, “ಮೋಸಂಬಿ ಹಂಗ ಇಟ್ಟಾರ. ಮುಟ್ಟವಲ್ರು,” ಅಂದಳು.

“ಇನ್ನೊಮ್ಮೆ ನೋಡು ಮುತ್ತು,” ಅಂದರು ಚಾಚಾ. “ನನ್ನದ ತಪ್ಪಂದ್ರ ಹೇಳು, ಬಾಯಿ ಮುಚ್ಚತೇನಿ. ಉಸ್ತಾದ್ರ ಕಾಲಿಗೆ ಬೀಳ್ತೇನಿ. ಆದ್ರ ಅದು ಹಿಂದ ಬಂತು.”

ಬಸ್ಸು ಹತ್ತಿದಾಗ ನನಗೆ ಕೂರಲು ಜಾಗ ಸಿಕ್ಕಿತು. ಸಿಗಬಾರದಿತ್ತು. ನಿಂತಿದ್ದರೆ ಸೊಂಟ ನೋವಿನ ಕಡೆಗಾದರೂ ಲಕ್ಷ್ಯ ಹೋಗುತ್ತಿತ್ತು.

ನಾನು ಯಾವ ಕಾಲೇಜಿನಲ್ಲೂ ಕಂಪ್ಯೂಟರ್ ಕಲಿತವನಲ್ಲ. ಹತ್ತನೇ ಇಯತ್ತೆ ಮುಗಿಸಿ ರೇಡಿಯೋ ರಿಪೇರಿಗೆ ಕೂತವನು. ಹಳೇ ಪುಸ್ತಕ ಓದಿ, ಮಂದಿಯ ಕಂಪ್ಯೂಟರ್ ಬಿಚ್ಚಿ, ಕೆಲವನ್ನು ಕೆಡಿಸಿ ಕಲಿತೆ. ಎರಡು ಸಾವಿರದ ಐದರ ಹೊತ್ತಿಗೆ ಇಳಕಲ್ಲಿನಲ್ಲಿ ಯಾವ ಅಂಗಡಿಯ ಕಂಪ್ಯೂಟರ್ ನಿಂತರೂ ‘ಮುತ್ತುರಾಜನ್ನ ಕರೀರಿ’ ಅನ್ನುವಷ್ಟಾಗಿತ್ತು. ಶಿವಸಂಗಪ್ಪ ಸಾವಕಾರರ ಗ್ರಾನೈಟ್ ಫ್ಯಾಕ್ಟರಿಗೂ ಹಾಗೇ ಹೋದವನು.

ಅಲ್ಲಿಂದ ಗೋರಿಕಲ್ಲುಗಳು ಪರದೇಶಕ್ಕೆ ಹೋಗುತ್ತಿದ್ದವು. ನಮ್ಮ ಕೆಂಪು ಕಲ್ಲು, ಅವರ ಹೆಸರು. ಮೊದಲು ಮುರ್ತುಜಸಾಬ ಚಾಚಾ ಚಾಣ ಹಿಡಿದು ಕೆತ್ತುತ್ತಿದ್ದರು. “ನಮ್ಮಪ್ಪನ ಗೋರಿಗೆ ಕಲ್ಲಿಲ್ಲ, ಬರೇ ಮಣ್ಣು. ನನಗ ಹೆಸರ ಓದಾಕೂ ಬರದ ಮಂದಿಗೆ ನಾ ಇಲ್ಲಿ ಕೂತ ಕೆತ್ತತೇನಿ,” ಎಂದು ನಗುತ್ತಿದ್ದರು. ಆಮೇಲೆ ಸಾವಕಾರರು ಹೊರದೇಶದ ಹಳೇ ಕೆತ್ತುವ ಮಶೀನು ತರಿಸಿದರು. ಆಫೀಸಿನ ಕಂಪ್ಯೂಟರಿನಲ್ಲಿ ಅಕ್ಷರ ಬಿಡಿಸುವುದು. ಶೆಡ್ಡಿನಲ್ಲಿ ಮಶೀನಿಗೆ ಜೋಡಿಸಿದ ಇನ್ನೊಂದು ಕಂಪ್ಯೂಟರು ವೈರಿನ ಮೂಲಕ ಅದನ್ನು ಸಾಲುಸಾಲಾಗಿ ತರಿಸಿಕೊಂಡು, ಕಟ್ಟರ್ ಎಲ್ಲಿಗೆ ಹೋಗಬೇಕೆಂದು ಹೇಳುವುದು. ಆ ವೈರು ಎಳೆದವನು ನಾನು. ಎರಡೂ ಕಡೆ ನೆಟ್‌ವರ್ಕ್ ಕಾರ್ಡು ಹಾಕಿದವನೂ ನಾನೇ. ಮಶೀನು ನಡೆಸಲು ಚಾಚಾರನ್ನೇ ನಿಲ್ಲಿಸಿದರು, ಕಲ್ಲಿನ ಮನಸ್ಸು ಅವರಿಗಲ್ಲದೆ ಯಾರಿಗೆ ಗೊತ್ತು?

ಅವರಿಗೆ ಇಂಗ್ಲಿಷ್ ಓದಲು ಬರದು. ಆದರೆ ಕೆತ್ತಿದ ಅಕ್ಷರವನ್ನು ಬೆರಳಿನಿಂದ ನೋಡುತ್ತಿದ್ದರು. ನಜೀರಸಾಬ ಉಸ್ತಾದರ ಕೈಯಲ್ಲಿ ಕಲಿತ ಎಲ್ಲರದೂ ಅದೇ ರೂಢಿ: ಅಕ್ಷರ ಮುಗಿದ ಕೂಡಲೇ, ಕಲ್ಲಿನ ಮೇಲೆ ಬಿಡುವ ನೀರು ಇನ್ನೂ ಹರಿಯುತ್ತಿರುವಾಗಲೇ, ಎರಡು ಬೆರಳು ಆ ಕೊರೆದ ತಗ್ಗಿನಲ್ಲಿ ಎಳೆದು ಆಳ ಎಲ್ಲ ಕಡೆ ಒಂದೇ ಇದೆಯೋ ಅಂತ ಹಿಡಿಯುವುದು. ಒಣಗಿದ ಮೇಲೆ ತಿಳಿಯುವುದಿಲ್ಲವಂತೆ. ಮಶೀನು ಬಂದ ಮೇಲೂ ಅವರು ಅದನ್ನು ಬಿಡಲಿಲ್ಲ. ಕಟ್ಟರ್ ಎಡದಿಂದ ಬಲಕ್ಕೆ ಹೋಗುತ್ತದೆ, ಮುಂದಿನ ಅಕ್ಷರದಲ್ಲಿ ಇರುತ್ತದೆ. ಇವರ ಬೆರಳು ಹಿಂದಿನ ಅಕ್ಷರದಲ್ಲಿ. ಎರಡು ವರ್ಷ ಒಮ್ಮೆಯೂ ಅದು ಹಿಂದೆ ತಿರುಗಿರಲಿಲ್ಲ. ಸಾವಕಾರರೂ ನೋಡಿದ್ದರು, ನಾನೂ ನೋಡಿದ್ದೆ. ಯಾರೂ ಬೇಡ ಅಂದಿರಲಿಲ್ಲ. ಉಲ್ಟಾ, ‘ಮುರ್ತುಜಾ ಬೆರಳ ಹಾಕಿದ ಕಲ್ಲು ವಾಪಸ್ ಬಂದಿಲ್ಲ’ ಎಂದು ಸಾವಕಾರರು ಬಂದವರ ಮುಂದೆಲ್ಲ ಹೇಳುತ್ತಿದ್ದರು.

ಬೆರಳು ಹೋದ ಮರುದಿನ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಮಶೀನು ಹಚ್ಚುವುದಿಲ್ಲ. ಪೂಜೆ ಮಾಡಿ, ಕಾಯಿ ಒಡೆದು, ಬಾಗಿಲು ಹಾಕುವುದು. ಸಾವಕಾರರು ನನಗಾಗಿ ಶೆಡ್ಡು ತೆಗೆಸಿದ್ದರು. ಆಫೀಸಿನ ಫೈಲು ನೋಡಿದೆ, ಒಂದು ಅಂಕಿಯೂ ತಪ್ಪಿರಲಿಲ್ಲ. ಶೆಡ್ಡಿನ ಕಂಪ್ಯೂಟರಿಗೆ ಅದೇ ಫೈಲನ್ನು ನೂರು ಸಲ ತರಿಸಿ ಹೋಲಿಸಿದೆ. ನೂರಕ್ಕೆ ನೂರೂ ಸರಿ. “ಬರದ ಕೊಡು ಹಂಗಾರ,” ಅಂದರು. ನನ್ನ ಅಂಗಡಿಯ ಹೆಸರಿದ್ದ ಹಾಳೆಯಲ್ಲಿ ಬರೆದು, ಠಸ್ಸೆ ಹೊಡೆದು ಕೊಟ್ಟೆ. ಆ ಠಸ್ಸೆ ಮಾಡಿಸಿ ಇನ್ನೂ ತಿಂಗಳಾಗಿರಲಿಲ್ಲ. ಹೊಡೆಯುವಾಗ ನನಗೆ ಸ್ವಲ್ಪ ಖುಷಿಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಬಸ್ಸು ಕಮತಗಿ ದಾಟುವಾಗ ಕಂಡಕ್ಟರ್ ಏನೋ ಕೂಗುತ್ತಿದ್ದ. ಇಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ. ಡ್ರೈವರ್ ಗಾಡಿ ನಿಲ್ಲಿಸಿದ ಕೂಡಲೇ ಅವನ ದನಿ ಸ್ಪಷ್ಟವಾಯಿತು. ಆಗ ನನಗೆ ಹೊಳೆದದ್ದು ಅಷ್ಟೇ: ಅಮಾವಾಸ್ಯೆ ದಿನ ಶೆಡ್ಡು ಸುಮ್ಮನಿತ್ತು. ಕಲ್ಲು ಕೊಯ್ಯುವ ದೊಡ್ಡ ಗರಗಸ ಬಂದ್ ಆಗಿತ್ತು. ಚಾಚಾರ ಬೆರಳು ಹೋದಾಗ ಅದು ನಡೆದಿತ್ತು.

ಮರುದಿನ ಬೆಳಿಗ್ಗೆ ಹತ್ತಕ್ಕೆ ಫ್ಯಾಕ್ಟರಿಗೆ ಹೋದೆ. ಗರಗಸ ನಡೆಸುವ ಚಂದಪ್ಪ ನನ್ನನ್ನು ನೋಡಿ ಕಿವಿಯ ಅರಳೆ ತೆಗೆದ.

“ಮತ್ತೇನ ನೋಡ್ತಿ ಮುತ್ತಣ್ಣಾ? ಬರದ ಕೊಟ್ಟೀಯಂತಲ್ಲ.”

“ನಿನ್ನ ಗರಗಸ ನಡೀಲಿ. ನಾ ಹೇಳೂ ತನಕ ಬಂದ ಮಾಡಬ್ಯಾಡ.”

“ಬಂದ ಮಾಡ್ರಿ ಅನ್ನಾವ್ರು ಬರ್ತಾರ. ನಡಸು ಅನ್ನಾಂವ ನೀ ಒಬ್ಬನ ನೋಡು.” ಅರಳೆ ಮತ್ತೆ ತುರುಕಿಕೊಂಡ.

ಆ ಗರಗಸ ಕಲ್ಲಿನೊಳಗೆ ಇಳಿಯುವಾಗ ಇಡೀ ಶೆಡ್ಡಿನ ದೀಪ ಒಮ್ಮೆ ಮಂಕಾಗುತ್ತದೆ. ನಾನು ಅದೇ ಫೈಲನ್ನು ಐನೂರು ಸಲ ತರಿಸಲು ಹಚ್ಚಿ, ಕೆಂಪು ಧೂಳಿನಲ್ಲಿ ಕುಕ್ಕರಗಾಲಲ್ಲಿ ಕೂತೆ. ಹನ್ನೆರಡೂವರೆಗೆ ಮುಗಿಯಿತು. ಹೋಲಿಸಿದೆ. ಮೂರು ಪ್ರತಿ ಬೇರೆಯಾಗಿದ್ದವು.

ಎರಡರಲ್ಲಿ ಅಕ್ಷರವೇ ಕೆಟ್ಟು ಏನೋ ಚಿಹ್ನೆಯಾಗಿತ್ತು. ಅಂಥದ್ದು ಬಂದರೆ ಮಶೀನಿಗೆ ಅರ್ಥವಾಗದೆ ಕೆಂಪು ದೀಪ ಹತ್ತಿ ನಿಲ್ಲುತ್ತದೆ. ಹಿಂದಿನ ತಿಂಗಳು ನಾಲ್ಕೈದು ಸಲ ಹಾಗೆ ನಿಂತಿತ್ತು. ‘ಕರೆಂಟಿನ ತ್ರಾಸು’ ಎಂದು ನಾನೇ ಹೇಳಿ, ಬಟನ್ ಒತ್ತಿ ಮತ್ತೆ ಹಚ್ಚಿಸಿದ್ದೆ. ಮೂರನೆಯದರಲ್ಲಿ ಏಳರ ಜಾಗದಲ್ಲಿ ಮೂರು ಇತ್ತು. ಏಳುನೂರಾ ಇಪ್ಪತ್ತನಾಲ್ಕಕ್ಕೆ ಹೋಗು ಅನ್ನುವ ಕಡೆ ಮುನ್ನೂರಾ ಇಪ್ಪತ್ತನಾಲ್ಕು. ಅದು ಮಶೀನಿಗೆ ಅರ್ಥವಾಗುವ ಮಾತು. ಹೇಳಿದಲ್ಲಿಗೆ ಹೋಗುತ್ತದೆ. ನಾನೂರು ಮಿಲಿಮೀಟರ್ ಹಿಂದಕ್ಕೆ.

ಚಂದಪ್ಪ ಊಟದ ಬುತ್ತಿ ಬಿಚ್ಚುತ್ತ ನನ್ನ ಮುಖ ನೋಡಿದ.

“ಏನಾತು? ಹಾವ ಕಂಡಿ?”

“ಚಂದಪ್ಪಾ, ಆ ದಿನದ ಕಲ್ಲ ಎಲ್ಲೈತಿ?”

ಅವನು ರೊಟ್ಟಿ ಮುರಿದವನು ಹಾಗೇ ಹಿಡಿದುಕೊಂಡ. “ರಕ್ತ ಬಿದ್ದ ಕಲ್ಲ ಗೋರಿಗೆ ಹೋಗಬಾರದು ಅಂತ ಸಾವಕಾರ್ರು ಕೊಯ್ಯಿಸಿದ್ರು. ನಾನ ಕೊಯ್ದೆ. ತುಂಡ ಮಾಡಿ ಒಗದೇವಿ.” ಆಮೇಲೆ ದನಿ ಇಳಿಸಿ, “ಕೆತ್ತಿದ ಅಕ್ಷರದ ಮ್ಯಾಲೆ ಒಂದ ಗೀರ ಇತ್ತು. ಬಲಗಡಿಂದ ಬಂದಿದ್ದು. ನನ್ನ ಹೆಸರ ಎಲ್ಲೂ ತಗೀಬ್ಯಾಡ. ನನಗ ಮೂರ ಹೆಣ್ಣಮಕ್ಕಳು.”

ಊಟದ ಹೊತ್ತಿನಲ್ಲಿ ಗರಗಸ ನಿಂತಿರುವಾಗ ಇನ್ನೂ ನೂರು ಸಲ ತರಿಸಿದೆ. ಒಂದೂ ತಪ್ಪಿಲ್ಲ. ಆಮೇಲೆ ಗರಗಸ ನಡೆದಿರುವಾಗಲೇ, ಕಾರ್ಡಿನ ಸೆಟ್ಟಿಂಗಿನಲ್ಲಿ ನಾನೇ ಹಾಕಿದ್ದ ಒಂದು ಟಿಕ್ಕು ತೆಗೆದು ತರಿಸಿದೆ. ನಿಧಾನವಾಯಿತು, ಆದರೆ ಐನೂರಕ್ಕೆ ಐನೂರೂ ಸರಿ.

ಆ ಟಿಕ್ಕಿನ ಸಂಗತಿ ಹೇಳಲೇಬೇಕು. ವೈರಿನಲ್ಲಿ ಮಾತು ಗಂಟುಗಂಟಾಗಿ ಹೋಗುತ್ತದೆ. ಕಳಿಸುವವನು ಗಂಟಿನೊಳಗಿನ ಅಂಕಿಗಳನ್ನೆಲ್ಲ ಕೂಡಿಸಿ, ಮೊತ್ತವನ್ನು ಗಂಟಿನ ಮೇಲೆ ಬರೆದಿರುತ್ತಾನೆ. ಅದಕ್ಕೆ ಚೆಕ್‌ಸಮ್ ಅನ್ನುತ್ತಾರೆ. ಗಂಟು ಮನೆಯೊಳಗೆ ಬಂದ ಮೇಲೆ ಕಂಪ್ಯೂಟರ್ ಮತ್ತೆ ಕೂಡಿಸಿ ನೋಡುತ್ತದೆ. ತಾಳೆಯಾಗದಿದ್ದರೆ ಒಗೆದು, ಇನ್ನೊಮ್ಮೆ ಕಳಿಸು ಅನ್ನುತ್ತದೆ. ಶೆಡ್ಡಿನದು ಹಳೇ ಕಂಪ್ಯೂಟರು. ಕೂಡಿಸುತ್ತ ಕೂತರೆ ಮಶೀನಿಗೆ ಸಾಲು ಕೊಡುವುದು ತಡವಾಗಿ ಕಟ್ಟರ್ ನಡುವೆ ನಿಂತು ಕಲ್ಲಿನಲ್ಲಿ ಚುಕ್ಕೆ ಬೀಳುತ್ತಿತ್ತು. ಎರಡು ತಿಂಗಳ ಹಿಂದೆ ನಾನು ಹೊಸ ಕಾರ್ಡು ತಂದೆ. ‘ಕೂಡಿಸುವ ಕೆಲಸ ನನಗೇ ಬಿಡು, ನಾನು ಬಾಗಿಲಲ್ಲೇ ನೋಡಿ ಒಳಗೆ ಬಿಡುತ್ತೇನೆ’ ಅನ್ನುವ ಸೌಲಭ್ಯ ಅದರಲ್ಲಿತ್ತು. ಟಿಕ್ಕು ಹಾಕಿದೆ. ಚುಕ್ಕೆ ನಿಂತವು. ಸಾವಕಾರರು ಬೆನ್ನು ಚಪ್ಪರಿಸಿದರು.

ಕಾರ್ಡು ಬಾಗಿಲಲ್ಲಿ ಸರಿಯಾಗಿಯೇ ಕೂಡಿಸುತ್ತಿತ್ತು. ಗಂಟು ಹಾಳಾಗುತ್ತಿದ್ದದ್ದು ಬಾಗಿಲಿನಿಂದ ಒಳಗೆ, ಕಾರ್ಡಿನಿಂದ ಕಂಪ್ಯೂಟರಿಗೆ, ಹೊತ್ತು ಒಯ್ಯುವಾಗ, ಗರಗಸ ಕರೆಂಟು ಎಳೆದ ಗಳಿಗೆಯಲ್ಲಿ. ಒಳಗೆ ಯಾರೂ ಮತ್ತೆ ಕೂಡಿಸುತ್ತಿರಲಿಲ್ಲ. ಕಾರ್ಡು ನೋಡಿದೆ ಅಂದಿತ್ತು, ಕಂಪ್ಯೂಟರ್ ನಂಬಿತ್ತು.

ಅಂಗಡಿಗೆ ಬಂದು ಆ ಕಾರ್ಡಿನ ಜೊತೆ ಬಂದಿದ್ದ ಸಿಡಿ ಹುಡುಕಿದೆ. ಅದರಲ್ಲಿ ನಾನು ಎಂದೂ ತೆಗೆಯದ ಒಂದು ಸಣ್ಣ ಫೈಲು ಇತ್ತು. ಡಿಕ್ಷನರಿ ಹಿಡಿದು ಓದಿದೆ. ಹನ್ನೊಂದನೇ ಸಾಲು: ಕೆಲವು ಹಳೇ ಕಂಪ್ಯೂಟರುಗಳಲ್ಲಿ ಈ ಸೌಲಭ್ಯ ಬಳಸಿದರೆ ಮಾಹಿತಿ ಕೆಡಬಹುದು, ಬಂದ್ ಮಾಡಿ.

ಶಿವಸಂಗಪ್ಪ ಸಾವಕಾರರು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಸಿಟ್ಟಿಗೇಳಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

“ಐನೂರಕ್ಕ ಮೂರು,” ಅಂದರು.

“ಹೌದ್ರಿ.”

“ಕಾರ್ಡ ಹಾಕಿದಾಂವ ಯಾರು?”

“ನಾನ ರೀ.”

“ದೋಷ ಇಲ್ಲಂತ ಬರದಾಂವ?”

“ಅದೂ ನಾನ ರೀ.”

“ಹಂಗಾರ ಈಗ ಏನ ಮಾಡೂದು ಅಂತಿ? ಮುರ್ತುಜಾನ ದವಾಖಾನಿ ನಾ ನೋಡಾಕತ್ತೀನಿ. ವಾಸಿ ಆದಮ್ಯಾಲೆ ಗೇಟಿನ್ಯಾಗ ಕೂಡ್ರಸ್ತೇನಿ, ಕೆಲಸ ಬಿಡಸಾಂಗಿಲ್ಲ. ನೀ ಊರ ಮುಂದ ನಿಂತು ‘ನನ್ನ ತಪ್ಪು’ ಅಂದ್ರ ಅವನ ಬೆರಳ ಬರ್ತಾವೇನು? ನಿನ್ನ ಅಂಗಡಿ ಹೋಗ್ತೈತಿ, ಅಷ್ಟ. ಬ್ಯಾಂಕಿನವ್ರು ಕರೀತಾರ? ಸೀರಿ ಅಂಗಡಿಯವ್ರು ಕರೀತಾರ?”

“ಆ ಕಾಗದ ಹರೀರಿ ಸಾವಕಾರ್ರ. ನಿಷ್ಕಾಳಜಿ ಅಂತ ಬರಿಸಿದ್ದು.”

ಅವರು ಡ್ರಾಯರ್ ಎಳೆದರು. ನನ್ನ ಠಸ್ಸೆ ಇದ್ದ ಹಾಳೆ ತೆಗೆದು ಮೇಜಿನ ಮೇಲೆ ನನ್ನ ಕಡೆ ಸರಿಸಿದರು. “ನಿನ್ನ ಚೀಟಿ ಬೇಕಾದ್ರ ಒಯ್ಯಿ. ಅವನ ಹೆಬ್ಬೆಟ್ಟ ನನ್ನ ಹತ್ರ ಇರ್ತೈತಿ.” ಡ್ರಾಯರ್ ಮುಚ್ಚಿದರು. “ಆ ಟಿಕ್ಕ ತಗದೀಯಿಲ್ಲ? ಮುಗೀತು. ಸೋಮವಾರ ಕಂಟೇನರ್ ಹೋಗಬೇಕು, ಮಶೀನ ಹಚ್ಚಾಕ ಹೇಳತೇನಿ.”

ನಾನು ಆ ಹಾಳೆ ಮುಟ್ಟಲಿಲ್ಲ. ಬಾಗಿಲಲ್ಲಿ ನಿಂತು, “ಹೊಸಾ ಮನಷ್ಯಾಗ ಕೈ ಹಾಕಬ್ಯಾಡ ಅಂತರೆ ಹೇಳ್ರಿ,” ಅಂದೆ. ಅವರು ಫೋನಿನಲ್ಲಿ ಮಾತಾಡಲು ಶುರುಮಾಡಿದ್ದರು.

ಚಾಚಾ ದವಾಖಾನೆಯಿಂದ ಬಂದ ಎರಡನೇ ದಿನ ಅವರ ಮನೆಗೆ ಹೋದೆ. ಮಧ್ಯಾಹ್ನದ ನಮಾಜು ಆಗಿತ್ತು. ಓಣಿಯ ಮಗ್ಗಗಳು ಬಡಿಯುತ್ತಿದ್ದವು. ಚಾಪೆಯ ಮೇಲೆ ಗೋಡೆಗೆ ಒರಗಿದ್ದ ಚಾಚಾ ನನ್ನನ್ನು ನೋಡಿ ಏಳಲು ಹೋದರು. ಬಲಗೈ ಊರಲು ಹೋಗಿ, ನೆನಪಾಗಿ, ಹಾಗೇ ಕೂತರು. ಚಾಚಿ ಚಹಾ ತಂದಿಟ್ಟಳು.

“ಹಿಂದ ಬಂದಿದ್ದು ಖರೆ, ಚಾಚಾ,” ಅಂದೆ.

ಅವರು ನನ್ನ ಕಡೆ ನೋಡಲಿಲ್ಲ. ಚಾಚಿಯ ಕಡೆ ತಿರುಗಿದರು. “ಕೇಳಿದಿ?”

“ಕೇಳಿದೆ,” ಅಂದಳು.

“ಇನ್ನೊಮ್ಮೆ ಹೇಳು ಮುತ್ತು.”

ಇನ್ನೊಮ್ಮೆ ಹೇಳಿದೆ. ಗಂಟು, ಬಾಗಿಲು, ಗರಗಸ, ಏಳು ಹೋಗಿ ಮೂರಾದದ್ದು, ಎಲ್ಲ. ಅವರು ಕಲ್ಲಿನ ಬಿರುಕು ನೋಡುವವರ ಹಾಗೆ ತಲೆ ವಾರೆ ಮಾಡಿ ಕೇಳಿದರು.

“ಅಂದ್ರ ಮಶೀನ ತಪ್ಪ ಮಾಡಿಲ್ಲ. ಹೇಳಿದ್ದ ಮಾಡೇತಿ.”

“ಹೌದು.”

“ಬಾಗಲದಾಗಿನಾಂವ ನೋಡೀನಿ ಅಂದ. ಒಳಗಿನಾಂವ ಹೂಂ ಅಂದ.”

“ಹೌದು ಚಾಚಾ.”

“ಆ ಬಾಗಲದಾಗಿನಾವ್ನ ಕೂಡ್ರಿಸಿದ್ದು ಯಾರು?”

ಮಗ್ಗದ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಿಸಲಿಲ್ಲ. “ನಾ,” ಅಂದೆ.

ಚಾಚಿ ಎದ್ದು ನಿಂತಳು. “ಎರಡ ವರ್ಷ ಈ ಮನ್ಯಾಗ ಚಹಾ ಕುಡದೀಯಲ್ಲೋ,” ಅಂದಳು. ನಾನಿನ್ನೂ ಮುಟ್ಟಿರದ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಚಾಚಾ ಬೈಯಲಿ ಅಂತ ಕಾದೆ.

“ಸಾವಕಾರ್ರಿಗೆ ಹೇಳಿದಿ?”

“ಹೇಳೀನಿ. ಕಾಗದ ಹರಿಯೂದಿಲ್ಲಂತ.”

“ಇರ್ಲಿ. ಆ ಕಾಗದ ಯಾರ ಓದ್ತಾರ? ಉಸ್ತಾದ್ರ ಮುಂದ ಹೇಳ್ತಿ?”

“ಹೇಳ್ತೇನಿ.”

“ಅವ್ರ ಕಟ್ಟಿ ಮ್ಯಾಲೆ ಈ ಹೊತ್ತಿನ್ಯಾಗ ಹತ್ತ ಮಂದಿ ಇರ್ತಾರ. ಎಲ್ಲಾರೂ ಕಲ್ಲಿನಾವ್ರು. ಅವ್ರ ಮುಂದ?”

“ಹೂಂ.”

“ಕಾರ್ಡ ಹಾಕಿದ್ದೂ, ಚೀಟಿ ಬರದದ್ದೂ?”

“ಎರಡೂ.”

“ಉಸ್ತಾದ್ರು ನಿನ್ನ ಕಪಾಳಕ್ಕ ಕೊಡತಾರ.”

“ಕೊಡ್ಲಿ.”

“ನಾ ಬಿಡಸಾಂಗಿಲ್ಲ, ನೋಡು.”

“ಬಿಡಸಬ್ಯಾಡ್ರಿ.”

“ನಡಿ ಹಂಗಾರ,” ಅಂದರು.

ಗೋಡೆಯ ಮೊಳೆಯಿಂದ ಅಂಗಿ ತೆಗೆದರು. ಬ್ಯಾಂಡೇಜು ಹಿಡಿಸಲೆಂದು ಚಾಚಿ ಅದರ ಬಲತೋಳನ್ನು ಮೊಣಕೈತನಕ ಹರಿದು ಅಂಚು ಹೊಲಿದಿದ್ದಳು. ಹಾಕಿಕೊಂಡು ಎಡಗೈಯಿಂದ ಗುಂಡಿ ಹಚ್ಚಲು ನೋಡಿದರು. ಗುಂಡಿ ಜಾರಿತು. ಮತ್ತೆ ಹಿಡಿದರು, ಮತ್ತೆ ಜಾರಿತು. ನಾನು ಒಂದು ಹೆಜ್ಜೆ ಮುಂದೆ ಇಟ್ಟೆ. ಅವರು ನನ್ನ ಕಡೆ ಬೆನ್ನು ಮಾಡಿ ನಿಂತರು. ಚಾಚಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಒಳಗಿನಿಂದ ಬಂದಳು, ಅವರ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಕೊರಳಿನಿಂದ ಶುರುಮಾಡಿ ಒಂದೊಂದೇ ಗುಂಡಿ ಹಚ್ಚತೊಡಗಿದಳು. ನಾನು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡು ನಿಂತೆ.